ಒಂದೇ ರಾಡ್, ಎರಡು ತೂಕ

ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವವರು ಕಳಿಸುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಪಿಸ್ಟನ್‌ಗಳ ಮತ್ತು ಅವನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ಸುತ್ತುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್‌ಗಳ ತೂಕ ಹೊಂದಿಸುವುದು ಹೇಗೆ? ತೊಟ್ಟ ಅಂಗಿ ಮಾತ್ರ ಬೇರೆ ಬೇರೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟು ಉತ್ತರ ಬರೆಯುತ್ತೇನೆ. ಮತ್ತೆ ಕೇಳಿದರೆ ಇದನ್ನೇ ತೋರಿಸುತ್ತೇನೆ. ಟಾರ್ಕ್ ವ್ರೆಂಚ್ ಹಿಡಿಯುವುದು ಹೇಗೆ, ಮೈಕ್ರೋಮೀಟರ್ ಓದುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಬಾರದವರು ಸದ್ಯಕ್ಕೆ ಎಂಜಿನ್ ಬಿಚ್ಚಬೇಡಿ.

ಹಳೇ ರಾಡ್ ಬೋಲ್ಟ್‌ಗಳು ನೋಡಲು ಚೆನ್ನಾಗಿಯೇ ಇವೆ. ಮತ್ತೆ ಹಾಕಬಹುದಾ?

ಬೇಡ. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಬೋಲ್ಟ್ ಹಿಗ್ಗುವವರೆಗೆ ಬಿಗಿಯುತ್ತಾರೆ. ಒಮ್ಮೆ ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲ. ಮರುಬಳಕೆ ಮಾಡಬಹುದು ಎಂದು ಮ್ಯಾನ್ಯುಯಲ್ ಹೇಳಿದರೂ ನಾನು ಹೊಸದೇ ಹಾಕುತ್ತೇನೆ. ಅತಿ ಎಚ್ಚರಿಕೆ ಅನ್ನಿಸಿದರೆ ಅನ್ನಿಸಲಿ.

ಪಿಸ್ಟನ್‌ಗಳ ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ರಾಡ್‌ಗಳಲ್ಲೂ ಇದೆ. ಭಾರದ ಪಿಸ್ಟನ್‌ಗೆ ಹಗುರ ರಾಡ್ ಸೇರಿಸಿ ನಾಲ್ಕೂ ಜೋಡಿಯ ಒಟ್ಟು ತೂಕ ಸಮ ಮಾಡಿದರೆ ಸಾಕಲ್ವಾ?

ಇದೇ ಆ ಪ್ರಶ್ನೆ. ಉಪಾಯದಲ್ಲಿ ಅರ್ಧ ಸರಿ ಇದೆ. ಉಳಿದರ್ಧದಿಂದ ಎಂಜಿನ್ ಹಾಳಾಗುತ್ತದೆ.

ಕನೆಕ್ಟಿಂಗ್ ರಾಡ್ ಮಾಡುವುದು ಎರಡು ಕೆಲಸ. ಮೇಲಿನ ಸ್ಮಾಲ್ ಎಂಡ್ ಪಿಸ್ಟನ್ ಜೊತೆ ಮೇಲೆ ಕೆಳಗೆ ಓಡುತ್ತದೆ. ಕೆಳಗಿನ ಬಿಗ್ ಎಂಡ್ ಕ್ರ್ಯಾಂಕ್ ಜೊತೆ ಸುತ್ತುತ್ತದೆ. ಓಡುವ ತೂಕದ ಲೆಕ್ಕ ಬೇರೆ, ಸುತ್ತುವ ತೂಕದ ಲೆಕ್ಕ ಬೇರೆ. ನೀವು ಇಡೀ ರಾಡನ್ನು ತಕ್ಕಡಿಯಲ್ಲಿಟ್ಟರೆ ಎರಡೂ ಕಲಸಿಹೋಗುತ್ತವೆ.

ಒಂದು ಉದಾಹರಣೆ ನೋಡಿ. ಒಂದು ರಾಡ್‌ಗೆ ಬಿಗ್ ಎಂಡ್ ಕಡೆ 400 ಗ್ರಾಂ, ಸ್ಮಾಲ್ ಎಂಡ್ ಕಡೆ 160. ಇನ್ನೊಂದಕ್ಕೆ 392 ಮತ್ತು 168. ಎರಡೂ ಒಟ್ಟು 560 ಗ್ರಾಂ. ತಕ್ಕಡಿ ‘ಸರಿ ಇದೆ’ ಅನ್ನುತ್ತದೆ. ಆದರೆ ಎರಡನೇ ರಾಡ್‌ನಲ್ಲಿ ಪಿಸ್ಟನ್ ಜೊತೆ ಓಡುವ ಭಾರ 8 ಗ್ರಾಂ ಹೆಚ್ಚು, ಕ್ರ್ಯಾಂಕ್ ಜೊತೆ ಸುತ್ತುವ ಭಾರ 8 ಗ್ರಾಂ ಕಡಿಮೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿಹಾಕಿದೆ, ಅಷ್ಟೇ.

‘8 ಗ್ರಾಂ ಏನು ಮಹಾ?’ ಎನ್ನುವವರಿಗೆ ಲೆಕ್ಕ ಇಲ್ಲಿದೆ. ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ) 80 ಮಿ.ಮೀ., ರಾಡ್ ಉದ್ದ 133 ಮಿ.ಮೀ., ವೇಗ 6000 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಪಿಸ್ಟನ್ ಮೇಲಿನ ತುದಿಗೆ ಹೋಗಿ ತಿರುಗುವ ಕ್ಷಣದಲ್ಲಿ ಅದರ ಮೇಲಿನ ಪ್ರತಿ ಗ್ರಾಂ ಸುಮಾರು 2 ಕೆಜಿಯಷ್ಟು ಎಳೆಯುತ್ತದೆ. 8 ಗ್ರಾಂ ಎಂದರೆ 16-17 ಕೆಜಿ. ಪ್ರತಿ ಸುತ್ತಿಗೂ ಒಮ್ಮೆ, ನಿಮಿಷಕ್ಕೆ 6000 ಸಲ. ವೇಗ ಅರ್ಧಕ್ಕೆ ಇಳಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಿಧಾನ ಓಡಿಸುವವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ. ‘ನಾನೂ ಹಂಗೇ ಕಟ್ಟಿದ್ದು, ಏನೂ ಆಗಿಲ್ಲ’ ಎನ್ನುವ ಮಾತು ಹುಟ್ಟುವುದೂ ಇಲ್ಲೇ.

ತುದಿಗಳನ್ನು ಬೇರೆ ಬೇರೆಯಾಗಿ ತೂಗುವುದು ಕಷ್ಟದ ಕೆಲಸವಲ್ಲ. ಇಬ್ಬರು ಬೊಂಬಿಗೆ ಮೂಟೆ ಕಟ್ಟಿ ಹೊತ್ತು ನಡೆಯುವುದನ್ನು ನೆನಪಿಸಿಕೊಳ್ಳಿ. ಮೂಟೆ ಯಾರ ಕಡೆ ಜಾರಿದೆಯೋ ಅವರ ಹೆಗಲಿಗೆ ಭಾರ ಜಾಸ್ತಿ. ರಾಡ್‌ನ ಒಂದು ತುದಿಯನ್ನು ನೂಲಿಗೆ ತೂಗುಹಾಕಿ, ಇನ್ನೊಂದನ್ನು ತಕ್ಕಡಿಯ ಮೇಲಿನ ಆಸರೆಗೆ ಕೂರಿಸಿ. ಎರಡು ತೂತುಗಳ ನಡುಬಿಂದುಗಳೂ ಒಂದೇ ಮಟ್ಟದಲ್ಲಿರಬೇಕು. ನೂಲು ನೇರವಾಗಿ ಇಳಿದಿರಬೇಕು. ಓದಿದ್ದನ್ನು ಬರೆದುಕೊಳ್ಳಿ. ರಾಡ್ ತಿರುಗಿಸಿ ಇನ್ನೊಂದು ತುದಿಯನ್ನೂ ತೂಗಿ. ಎರಡನ್ನೂ ಕೂಡಿದರೆ ಇಡೀ ರಾಡ್‌ನ ತೂಕ ಬರಬೇಕು. ಬರದಿದ್ದರೆ ನಿಮ್ಮ ಜೋಡಣೆಯಲ್ಲಿ ಎಲ್ಲೋ ಉಜ್ಜಾಟ ಇದೆ ಅಥವಾ ಮಟ್ಟ ತಪ್ಪಿದೆ. ಅದನ್ನು ಸರಿಮಾಡುವ ಮೊದಲು ತೂಗುವುದು ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ.

ಪ್ರತಿ ರಾಡನ್ನೂ ಮೂರು ಸಲ ತೂಗಿ. ಮೂರೂ ಸಲ ಅರ್ಧ ಗ್ರಾಂ ಒಳಗೆ ಬಂದರೆ ಮಾತ್ರ ನಂಬಿ. ಅಡುಗೆಮನೆ ತಕ್ಕಡಿ ಇದಕ್ಕೆ ಸಾಲದು. 0.1 ಗ್ರಾಂ ತೋರಿಸುವಂಥದ್ದು ಬೇಕು. ರಾಡ್‌ಗೆ ಅದರದ್ದೇ ಕ್ಯಾಪ್ (ಬಿಗ್ ಎಂಡ್‌ನ ಬಿಚ್ಚಿ ತೆಗೆಯುವ ಅರ್ಧ), ಅದರದ್ದೇ ಬೋಲ್ಟ್ ಇರಲಿ. ಬೇರಿಂಗ್ ಶೆಲ್ (ಆ ತೂತಿನೊಳಗೆ ಕೂರುವ ತೆಳು ಅರ್ಧಬಳೆ) ತೆಗೆದಿಡಿ. ಎಣ್ಣೆ, ಮಸಿ ಇರಬಾರದು. ಇಂಗಾಲ ಕಟ್ಟಿದ ಹಳೇ ಪಿಸ್ಟನ್ ತೂಗಿ ‘ವ್ಯತ್ಯಾಸ ಇದೆ’ ಎಂದು ಬರೆದವರಿದ್ದಾರೆ. ಅವರು ತೂಗಿದ್ದು ಕೊಳೆಯನ್ನು.

ಈಗ ನಿಮ್ಮ ಉಪಾಯದ ಸರಿ ಇರುವ ಅರ್ಧಕ್ಕೆ ಬರೋಣ. ಪಿಸ್ಟನ್, ಅದನ್ನು ರಾಡ್‌ಗೆ ಜೋಡಿಸುವ ಪಿನ್, ರಿಂಗ್, ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಇವೆಲ್ಲ ಸ್ಮಾಲ್ ಎಂಡ್ ಜೊತೆಗೇ ಓಡುತ್ತವೆ. ಹಾಗಾಗಿ ಭಾರದ ಪಿಸ್ಟನ್ ಸೆಟ್ಟಿಗೆ ಸ್ಮಾಲ್ ಎಂಡ್ ಹಗುರ ಇರುವ ರಾಡ್ ಹೊಂದಿಸಬಹುದು. 343 ಗ್ರಾಂ ಸೆಟ್ಟಿಗೆ 160ರ ಸ್ಮಾಲ್ ಎಂಡ್, 337ರ ಸೆಟ್ಟಿಗೆ 166ರ ಸ್ಮಾಲ್ ಎಂಡ್. ಎರಡೂ ಕಡೆ 503. ಚೂರೂ ಲೋಹ ಉಜ್ಜದೆ 6 ಗ್ರಾಂ ವ್ಯತ್ಯಾಸ ಮಾಯ. ನಾನೂ ಮೊದಲು ಇದನ್ನೇ ಮಾಡುವುದು. ಪಿನ್‌ಗಳನ್ನು ಅದಲುಬದಲು ಮಾಡಿದರೂ ಒಂದೆರಡು ಗ್ರಾಂ ಸಿಗುತ್ತದೆ. ಹೊಸ ಪಿನ್‌ಗಳಾದರೆ ಮಾತ್ರ. ಹಳೇ ಪಿನ್ ತನ್ನ ಪಿಸ್ಟನ್ ಬಿಟ್ಟು ಹೋಗಬಾರದು.

ಒಂದು ತಡೆ ಇದೆ. ಈ ಆಟ ಹೋನಿಂಗ್ (ಬೋರ್, ಅಂದರೆ ಸಿಲಿಂಡರ್ ತೂತನ್ನು ಉಜ್ಜಿ ಅಳತೆಗೆ ತರುವುದು) ಆಗುವ ಮೊದಲು. ಪ್ರತಿ ಬೋರನ್ನೂ ಅದರ ಪಿಸ್ಟನ್ ಅಳೆದು ಹೋನ್ ಮಾಡಿದ ಮೇಲೆ ಪಿಸ್ಟನ್ ಆ ಬೋರ್‌ಗೆ ಸೇರಿದ್ದು. ತೂಕ ಹೊಂದುತ್ತದೆ ಎಂದು ಮೂರನೇ ಬೋರ್‌ನದ್ದನ್ನು ಒಂದಕ್ಕೆ ಹಾಕಿದರೆ, ಕೆಲವೇ ಮೈಕ್ರಾನ್ ತಪ್ಪಿದರೂ ಒಂದೋ ಬಡಿಯುತ್ತದೆ, ಇಲ್ಲ ಹಿಡಿದುಕೊಳ್ಳುತ್ತದೆ. ಓಡಿಸಿದ ಹಳೇ ಪಿಸ್ಟನ್‌ಗಳನ್ನಂತೂ ಕದಲಿಸಲೇಬೇಡಿ.

ಜೋಡಿ ಹೊಂದಿಸಿದ ಮೇಲೂ ಉಳಿದ ವ್ಯತ್ಯಾಸಕ್ಕೆ ಲೋಹ ತೆಗೆಯಬೇಕು. ಎಲ್ಲಕ್ಕಿಂತ ಹಗುರವಾದದ್ದನ್ನು ಗುರುತಿಸಿ, ಉಳಿದವನ್ನು ಅದರ ಮಟ್ಟಕ್ಕೆ ಇಳಿಸಿ. ಮೊದಲು ಬಿಗ್ ಎಂಡ್. ಕ್ಯಾಪ್‌ನ ತಳದಲ್ಲಿ ಅದಕ್ಕೆಂದೇ ಬಿಟ್ಟ ದಿಣ್ಣೆ ಇದ್ದರೆ ಅಲ್ಲಿಂದ ತೆಗೆಯಿರಿ. ಇಲ್ಲೊಂದು ತಮಾಷೆ ಇದೆ. ಆ ದಿಣ್ಣೆ ಬಿಗ್ ಎಂಡ್ ನಡುಬಿಂದುವಿನಿಂದ ಆಚೆ ಇದೆಯಲ್ಲ, ಅಲ್ಲಿ 3 ಗ್ರಾಂ ತೆಗೆದರೆ ಸ್ಮಾಲ್ ಎಂಡ್ ಓದು ಮುಕ್ಕಾಲು ಗ್ರಾಂನಷ್ಟು ಏರುತ್ತದೆ. ಏತದ ಹಿಂದಿನ ಕಲ್ಲು ತೆಗೆದರೆ ಮುಂದಿನ ತುದಿ ಬಾಗುವ ಹಾಗೆ. ಆದ್ದರಿಂದ ಸ್ಮಾಲ್ ಎಂಡ್ ಕೆಲಸ ಆಮೇಲೆ. ಅದಾದ ಮೇಲೆ ಎರಡನ್ನೂ ಮತ್ತೆ ತೂಗಿ.

ರಾಡ್‌ನ ನಡುಕಂಬಕ್ಕೆ ಅಡ್ಡಡ್ಡ ಗೀರು ಬೀಳಬಾರದು. ಉಜ್ಜುವುದಾದರೆ ಉದ್ದಕ್ಕೇ ಉಜ್ಜಿ, ಕೊನೆಗೆ ನುಣುಪು ಮಾಡಿ. ರಾಡ್ ಮುರಿಯುವುದು ಹೆಚ್ಚಾಗಿ ಎಳೆತದಿಂದ. ಬಿರುಕು ಅಡ್ಡ ಗೀರಿನಿಂದಲೇ ಶುರುವಾಗುತ್ತದೆ. ಕಂಬಕ್ಕೆ ತೂತು ಕೊರೆದು ‘ಹಗುರ ಮಾಡಿಕೊಟ್ಟೆ’ ಎನ್ನುವ ಮಹಾಶಯರ ಹತ್ತಿರ ಎಂಜಿನ್ ಬಿಡಬೇಡಿ. ಪಿಸ್ಟನ್‌ನಲ್ಲಾದರೆ ಪಿನ್ ಕೂರುವ ಗೂಡಿನ ಕೆಳಭಾಗದ ದಪ್ಪ ಜಾಗದಿಂದ ತೆಗೆಯಿರಿ. ತಲೆ, ರಿಂಗ್ ಕೂರುವ ತೋಡು, ಪಿನ್ ತೂತಿನ ಅಂಚು ಇವನ್ನು ಮುಟ್ಟಬೇಡಿ.

ಎಷ್ಟು ಹತ್ತಿರ ತರಬೇಕು? ದಿನಬಳಕೆಯ ಕಾರಿಗೆ ಪಿಸ್ಟನ್ ಸೆಟ್ಟುಗಳು 2 ಗ್ರಾಂ ಒಳಗೆ, ರಾಡ್‌ನ ಒಂದೊಂದು ತುದಿಯೂ 2 ಗ್ರಾಂ ಒಳಗೆ ಬಂದರೆ ನಾನು ಕೈಬಿಡುತ್ತೇನೆ. ರೇಸಿಗೆ 1 ಗ್ರಾಂ. 0.1 ಗ್ರಾಂ ಬೆನ್ನು ಹತ್ತಿ ವಾರಗಟ್ಟಲೆ ಕೂರುವವರಿಗೆ ಒಂದು ಮಾತು. ನಾಲ್ಕು ಸಿಲಿಂಡರ್‌ನ ಸಾಲು ಎಂಜಿನ್‌ನಲ್ಲಿ ನಾಲ್ಕೂ ಅಚ್ಚೊತ್ತಿದಂತೆ ಸಮ ಇದ್ದರೂ, ಕ್ರ್ಯಾಂಕ್‌ನ ಎರಡರಷ್ಟು ವೇಗದ ಒಂದು ನಡುಕ ಉಳಿದೇ ಉಳಿಯುತ್ತದೆ. ಪಿಸ್ಟನ್ ಮೇಲರ್ಧದಲ್ಲಿ ಓಡುವ ರೀತಿ ಕೆಳಅರ್ಧದಲ್ಲಿ ಇರುವುದಿಲ್ಲ, ಅದಕ್ಕೆ. ಮೇಲಿನದೇ ಅಳತೆಯಲ್ಲಿ ಓಡುವ ತೂಕ ತಲಾ 500 ಗ್ರಾಂ ಇದ್ದರೆ, 6000 ಆರ್‌ಪಿಎಂನಲ್ಲಿ ಆ ನಡುಕದ ಬಲ ಒಂದು ಟನ್ ಹತ್ತಿರ ಬರುತ್ತದೆ. ಅದನ್ನು ತಡೆಯಲೆಂದೇ ಕೆಲವು ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟ್ ಇಡುತ್ತಾರೆ. ನಿಮ್ಮ 0.1 ಗ್ರಾಂ ತರುವುದು 200 ಗ್ರಾಂ ಬಲ. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ.

ಪಿಸ್ಟನ್ ಹಗುರ ಆಯಿತು. ಕ್ರ್ಯಾಂಕ್ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕಾ?

ಸಾಲಿನ ನಾಲ್ಕು ಸಿಲಿಂಡರ್ ಆದರೆ, ನಾಲ್ಕೂ ಒಂದೇ ಸಮ ಹಗುರ ಆಗಿದ್ದರೆ, ಅದಕ್ಕಾಗಿಯೇ ಮಾಡಿಸಬೇಕಿಲ್ಲ. 90 ಡಿಗ್ರಿ ವಿ8 ಆದರೆ ಮಾಡಿಸಲೇಬೇಕು. ಅಲ್ಲಿ ಕ್ರ್ಯಾಂಕ್‌ನ ಎದುರುತೂಕದ ಲೆಕ್ಕದಲ್ಲೇ ಪಿಸ್ಟನ್ ತೂಕವೂ ಸೇರಿರುತ್ತದೆ.

ಅದೇ ಬೋರ್ ಅಳತೆಯ ಬೇರೆ ಮಾದರಿಯ ಪಿಸ್ಟನ್ ಸಿಕ್ಕಿದೆ. ಪಿನ್ ಕೂಡ ಕೂರುತ್ತದೆ. ಹಾಕಲಾ?

ಕೂರುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸ ಇದೆ. ಪಿನ್ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ ಅಳೆದಿದ್ದೀರಾ? ಅದಕ್ಕೆ ರಾಡ್ ಉದ್ದ ಮತ್ತು ಅರ್ಧ ಸ್ಟ್ರೋಕ್ ಕೂಡಿದರೆ ಬರುವ ಮೊತ್ತ, ಕ್ರ್ಯಾಂಕ್ ನಡುವಿನಿಂದ ಬ್ಲಾಕ್ ಮೇಲ್ಮುಖದ ಎತ್ತರಕ್ಕೆ ತಾಳೆ ಆಗಬೇಕು. ಬೋರ್ 75, ಸ್ಟ್ರೋಕ್ 80 ಮಿ.ಮೀ. ಇರುವ ಎಂಜಿನ್‌ನಲ್ಲಿ ಕಂಪ್ರೆಶನ್ ಅನುಪಾತ (ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದು) 10 ಇದ್ದರೆ, ಪಿಸ್ಟನ್ ಬರೀ 1 ಮಿ.ಮೀ. ಎತ್ತರ ಆದರೂ ಅದು 11 ದಾಟುತ್ತದೆ. ಗಿಡ್ಡ ಆದರೆ 9ಕ್ಕೆ ಇಳಿಯುತ್ತದೆ. ಹೆಡ್‌ಗೂ (ಬ್ಲಾಕ್ ಮೇಲೆ ಕೂರುವ ಮುಚ್ಚಳ) ಪಿಸ್ಟನ್‌ಗೂ ನಡುವೆ ಎಷ್ಟೋ ಎಂಜಿನ್‌ಗಳಲ್ಲಿ ಇರುವುದೇ 1 ಮಿ.ಮೀ. ಆಸುಪಾಸು. ಪಿಸ್ಟನ್ ತಲೆಯಲ್ಲಿ ವಾಲ್ವ್‌ಗೆಂದು ಬಿಟ್ಟ ತಗ್ಗುಗಳ ಜಾಗ ಬೇರೆ ಇದ್ದರೆ ಮೊದಲ ಸುತ್ತಿಗೇ ವಾಲ್ವ್ ಬಾಗುತ್ತದೆ. ಸ್ಟಾರ್ಟರ್ ಮುಟ್ಟುವ ಮೊದಲು ಪಿಸ್ಟನ್ ತಲೆಗೆ ಮಕ್ಕಳು ಆಡುವ ಮೇಣದಂಥ ಜೇಡಿ ಅಂಟಿಸಿ, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ. ಬಿಚ್ಚಿ ಆ ಜೇಡಿಯ ದಪ್ಪ ಅಳೆಯಿರಿ.

ಪಿಸ್ಟನ್ ಮೇಲಿನ ಬಾಣ ಯಾವ ಕಡೆ?

ಸಾಮಾನ್ಯವಾಗಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಕಡೆ. ಪಿನ್ ಸರಿ ನಡುವೆ ಇರುವುದಿಲ್ಲ, ಚೂರು ಒಂದು ಬದಿಗೆ ಇರುತ್ತದೆ. ತಿರುಗಾಮುರುಗಾ ಹಾಕಿದರೆ ಬಡಿಯುತ್ತದೆ. ಎಣ್ಣೆ ಚಿಮ್ಮುವ ತೂತು ಇದ್ದರೆ ರಾಡ್‌ಗೂ ದಿಕ್ಕು ಇದೆ.

ಬಿಚ್ಚುವಾಗ ಕ್ಯಾಪ್‌ಗಳು ಬೆರೆತುಹೋದವು. ಎಲ್ಲ ಒಂದೇ ಥರ ಕಾಣುತ್ತವೆ. ಯಾವುದನ್ನು ಯಾವುದಕ್ಕೆ ಹಾಕಿದರೂ ನಡೆಯುತ್ತಾ?

ಇಲ್ಲ. ಕ್ಯಾಪ್ ಬಿಗಿದ ಮೇಲೆಯೇ ಬಿಗ್ ಎಂಡ್ ತೂತನ್ನು ಅಳತೆಗೆ ಕೊರೆದಿರುತ್ತಾರೆ. ರಾಡ್ ಕ್ಯಾಪ್ ಎರಡೂ ಸೇರಿ ಒಂದೇ ಭಾಗ. ನಿಮ್ಮನ್ನು ಜಾಸ್ತಿ ಬೈಯುವ ಹಕ್ಕು ನನಗಿಲ್ಲ. ಕೆಲಸ ಕಲಿಯುವಾಗ ನಾನೂ ಮೇಜು ಒರೆಸುತ್ತ ಎರಡು ಕ್ಯಾಪ್ ಅದಲುಬದಲು ಮಾಡಿ ಕಟ್ಟಿದ್ದೆ. ಕೊನೇ ಬೋಲ್ಟ್ ಬಿಗಿದಾಗ ಕ್ರ್ಯಾಂಕ್ ಕಚ್ಚಿಕೊಂಡು ಕೂತಿತು. ಕಚ್ಚಿಕೊಂಡಿದ್ದೇ ಪುಣ್ಯ. ತಿರುಗಿದ್ದರೆ ಹಾಗೇ ಓಡಿಸಿಬಿಡುತ್ತಿದ್ದೆ.

ಕಾರ್ಖಾನೆಯಲ್ಲೇ ಬಿರುಕು ಬಿಡಿಸಿ ಕ್ಯಾಪ್ ಬೇರ್ಪಡಿಸಿದ ರಾಡ್ ಆದರೆ ಸುಲಭ. ಒಡೆದ ಮುಖ ತನ್ನ ಜೋಡಿಗೆ ಮಾತ್ರ ಕೂಡಿಕೊಳ್ಳುತ್ತದೆ. ಬೇರೆಯದಕ್ಕೆ ಬಿಗಿದು ನೋಡಲು ಹೋಗಬೇಡಿ, ಮುಖ ಹಾಳಾಗುತ್ತದೆ. ನುಣುಪು ಮುಖದ್ದಾದರೆ ಬದಿಯ ಅಂಕಿ, ಕೊರೆದ ಗೆರೆಗಳ ಸಾಲು ನೋಡಿ. ಗೊತ್ತಾಗದಿದ್ದರೆ ಶೆಲ್ ಇಲ್ಲದೆ ಪೂರ್ತಿ ಟಾರ್ಕ್‌ಗೆ ಬಿಗಿದು ತೂತನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ. ಅಲ್ಲೂ ಅನುಮಾನ ಉಳಿದರೆ ಮಶೀನ್ ಶಾಪ್‌ನಲ್ಲಿ ತೂತು ಮರುಹೋನ್ ಮಾಡಿಸಿ. ಮುಂದಿನ ಸಲ ಬಿಚ್ಚುವ ಮೊದಲೇ ಪೆನ್ನಿನಿಂದ ಗುರುತು ಹಾಕಿ. ಉಳಿ ಸುತ್ತಿಗೆ ಬೇಡ.

ಬೇರಿಂಗ್ ಸಡಿಲ ಇದೆ. ಮೆಕ್ಯಾನಿಕ್ ಕ್ಯಾಪ್‌ನ ಮುಖ ಚೂರು ಉಜ್ಜಿ ಟೈಟ್ ಮಾಡಿಕೊಡುತ್ತೇನೆ ಅಂದರು. ಮಾಡಿಸಲಾ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸವೆದದ್ದು ಕ್ರ್ಯಾಂಕ್ ಅಥವಾ ಶೆಲ್, ಉಜ್ಜುವುದು ಕ್ಯಾಪ್! ದುಂಡಗಿದ್ದ ತೂತು ಚಪ್ಪಟೆ ಆಗುತ್ತದೆ. ಎಣ್ಣೆಯ ಪದರ ಒಂದು ಕಡೆ ಹರಿದುಹೋಗುತ್ತದೆ. ಶೆಲ್ ಹಿಂದೆ ತಗಡಿನ ಚೂರು ಇಡುವವರದ್ದೂ ಇದೇ ಜಾತಿಯ ಬುದ್ಧಿ. ಕ್ರ್ಯಾಂಕ್ ಅಳೆದು, ಬೇಕಿದ್ದರೆ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಶೆಲ್ (ಸಣ್ಣದಾದ ಕ್ರ್ಯಾಂಕ್‌ಗೆಂದೇ ಮಾಡಿದ ದಪ್ಪ ಶೆಲ್) ಹಾಕಿ. ಬೇರೆ ಅಡ್ಡದಾರಿ ಇಲ್ಲ.

ರಾಡ್ ಬಡಿಯುವ ಸದ್ದು ಬರುತ್ತಿದೆ. ಆಯಿಲ್‌ಗೆ ಸೇರಿಸುವ ಗಟ್ಟಿ ದ್ರವ ಸಿಗುತ್ತಲ್ಲ, ಅದು ಹಾಕಿದರೆ ಹೋಗುತ್ತಾ?

ಸ್ವಲ್ಪ ದಿನ ಕೇಳಿಸುವುದಿಲ್ಲ. ಆಮೇಲೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುವಾಗ ಕೇಳಿಸುತ್ತದೆ.