ತಕ್ಕಡಿಯ ಮುಳ್ಳು ಯಾರ ಕಡೆಗಿದೆ?

ನಾಲ್ಕು ಪುಟದ ಪತ್ರದ ಸಾರ: "ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟದಲ್ಲಿ ಆರು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಈಗ ಮ್ಯಾನೇಜರ್. ರೆಸಾರ್ಟಿನಲ್ಲಿ ಎರಡು ದಿನ ತರಬೇತಿ ಕೊಡಿಸಿದರು. ಮ್ಯಾನೇಜರ್ ಕೆಲಸ ಎಣಿಸುತ್ತಾನೆ, ಲೀಡರ್ ಮನಸ್ಸು ಗೆಲ್ಲುತ್ತಾನೆ ಅಂದರು. ನಾನು ಲೀಡರ್ ಆಗುವುದು ಹೇಗೆ?"
— ಒಬ್ಬ ಓದುಗ, ಸಿದ್ದಾಪುರ

ಸಂಪಾದಕರ ಉತ್ತರ:

ಬಡ್ತಿಗೆ ಅಭಿನಂದನೆ. ಬರೀ ಆಳುಗಳ ಹಾಜರಿಯ ಚೆಕ್‌ರೋಲ್ ನೋಡಿಕೊಂಡು ಕೂತರೆ ಜನ ಹತ್ತಿರ ಬರುವುದಿಲ್ಲ, ಒಪ್ಪಿದೆ. ಆದರೆ ಎಣಿಸುವ ಕೆಲಸವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲ್ಲ, ಅದು ನನಗೆ ಹಿಡಿಸಲಿಲ್ಲ.

ಕುಯ್ಲಿನ ಸಂಜೆಯನ್ನೇ ನೆನೆಸಿಕೊಳ್ಳಿ. ಹಣ್ಣು ಕುಯ್ದವರು ಚೀಲ ಇಟ್ಟುಕೊಂಡು ಸಾಲು ನಿಂತಿರುತ್ತಾರೆ. ಕೂಲಿ ಕಿಲೋ ಲೆಕ್ಕ. ನಾನು ಹುಡುಗನಾಗಿದ್ದಾಗ ಪಕ್ಕದ ತೋಟದಲ್ಲಿ ಒಬ್ಬರು ಹಳೇ ರೈಟರ್ ಇದ್ದರು. ಮಾತು ಕಮ್ಮಿ, ಸಿಡುಕು ಜಾಸ್ತಿ. ಆದರೆ ತಕ್ಕಡಿಯ ಮುಳ್ಳು ಮಾತ್ರ ಚೀಲ ತಂದವರ ಕಡೆಗೇ ಇರಬೇಕು. ಅಂಕಿಯನ್ನು ಅವರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳುತ್ತಿದ್ದರು. ಓದು ಬಾರದವರಿಗೆ ಮುಳ್ಳು ನೋಡಲು ಕಲಿಸಿದ್ದೂ ಅವರೇ. ಜನವರಿಯಲ್ಲಿ ಊರೆಲ್ಲ ಆಳಿಗೆ ಪರದಾಡುವಾಗಲೂ ಅವರ ತೋಟದ ಆಳುಗಳಿರುವ ಲೈನ್‌ಮನೆ ಖಾಲಿಯಾದದ್ದು ನಾನು ನೋಡಿಲ್ಲ. ಅವರನ್ನು ಯಾರೂ ಲೀಡರ್ ಅನ್ನಲಿಲ್ಲ ಬಿಡಿ.

ಕೊಡಗಿನಲ್ಲಿ ಲೀಡರ್ ಅಂದ ಕೂಡಲೇ ಜನರಲ್ ತಿಮ್ಮಯ್ಯ. 1948ರ ನವೆಂಬರ್ 1ರಂದು, ಕಾಶ್ಮೀರದ ಯುದ್ಧದಲ್ಲಿ, ಜೋಜಿಲಾ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಮುಂದಿನ ಟ್ಯಾಂಕಿನಲ್ಲೇ ಕೂತು ಹೋದರು ಅಂತ ಹೇಳಿಕೊಳ್ಳುತ್ತೇವೆ. ನನಗೂ ಹೆಮ್ಮೆಯೇ. ಆದರೆ 11,000 ಅಡಿಗೂ ಮೇಲೆ ಟ್ಯಾಂಕ್ ಹತ್ತಿದ್ದು ಹೇಗೆ ಅಂತ ಯಾರಾದರೂ ಕೇಳುತ್ತಾರಾ? ಗುಟ್ಟು ಬಯಲಾಗಬಾರದು ಅಂತ ಅವುಗಳ ತೋಪಿನ ಗೂಡು ಬಿಚ್ಚಿ ಸಾಗಿಸಿದ್ದರು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಚಳಿಯಲ್ಲಿ ದಾರಿ ಕಡಿದಿದ್ದರು. ಅಳೆದು, ಲೆಕ್ಕ ಹಾಕಿ, ಹೊತ್ತಿಗೆ ಸರಿಯಾಗಿ ಮಾಡಿಸಿದ ಕೆಲಸ ಅದು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯಾಗಿದ್ದ, ಈಗ ಮ್ಯೂಸಿಯಂ ಆಗಿರುವ ಸನ್ನಿಸೈಡ್‌ಗೆ ಹೋದರೆ ಸುಮ್ನೆ ಫೋಟೋ ತೆಗೆದುಕೊಂಡು ಬರಬೇಡಿ.

ಈಗ ಎಲ್ಲರಿಗೂ ಲೀಡರ್ ಆಗುವ ಆಸೆ. ದಸರಾ ಬಂದರೆ ಮಡಿಕೇರಿಯ ಕಂಬಕ್ಕೊಂದು ಯುವ ನಾಯಕರ ಫ್ಲೆಕ್ಸ್. ಚರಂಡಿ ತೆಗೆಸುವವರನ್ನು ಹುಡುಕಿ ನೋಡಿ! ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಸಾಹೇಬರು ಪ್ರತಿ ಸೋಮವಾರ "ನಾವೆಲ್ಲ ಒಂದೇ ಮನೆಯವರು" ಅನ್ನುತ್ತಿದ್ದರು. ಸಂಬಳ ಬರುತ್ತಿದ್ದದ್ದು 20ನೇ ತಾರೀಕಿನ ಮೇಲೆ. ಮನೆಯವರಲ್ವಾ, ಕೇಳುವ ಹಾಗಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ನಾಲ್ಕು ಪುಟದಲ್ಲಿ ತರಬೇತಿ ಕೊಟ್ಟವರ ಹೆಸರು ಮೂರು ಸಲ ಇದೆ. ನಿಮ್ಮ ಕೈಕೆಳಗಿನ ಒಬ್ಬ ಮೇಸ್ತ್ರಿಯ ಹೆಸರೂ ಇಲ್ಲ. ಅಸ್ಸಾಮಿನಿಂದ ಬಂದವರು ನಿಮ್ಮಲ್ಲೂ ಇರಬೇಕು. ಅವರಿಗೆ ಮಳೆಗಾಲದಲ್ಲಿ ಕೆಲಸ ಇದೆಯಾ? ಲೈನ್‌ಮನೆಯ ನಲ್ಲಿಯಲ್ಲಿ ನೀರು ಬರುತ್ತದಾ? ಮುಂದಿನ ಪತ್ರದಲ್ಲಿ ಇದನ್ನು ಬರೆಯಿರಿ. ಎಂಟು ಪುಟವಾದರೂ ಓದುತ್ತೇನೆ.