ಒತ್ತಕ್ಷರ ಎಲ್ಲಿ ಹೋಯ್ತು ಸ್ವಾಮಿ?

ಓದುಗರ ಪತ್ರ: "ಹಳೇ ಸಿನಿಮಾ ಪೋಸ್ಟರ್‌ಗಳನ್ನು ಹೊಗಳಿ ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದನ್ನು ಓದಿದೆ. ನಮ್ಮ ಅಮ್ಮನ ಟ್ರಂಕಿನ ಮುಚ್ಚಳದ ಒಳಗೂ ಅಂಥದೊಂದು ಅಂಟಿಸಿದೆ. ಚೆಂದವೇ, ಒಪ್ಪಿದೆ. ಆದರೆ ಈಗ ಜನ ಮೊಬೈಲ್‌ನಲ್ಲಿ ಟ್ರೇಲರ್ ನೋಡಿ ಟಿಕೆಟ್ ತೆಗೆಯುತ್ತಾರೆ. ಪೋಸ್ಟರ್‌ನಲ್ಲಿ ಹೀರೋ ಮುಖ ಇದ್ದರೆ ಸಾಕು. ಮಿಕ್ಕಿದ್ದನ್ನು ಯಾರು ನೋಡ್ತಾರೆ?"
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಮುಖ ಬೇಕು, ಇಲ್ಲ ಅನ್ನೋದಿಲ್ಲ. ಅಂಗೈಯಗಲದ ಪರದೆಯಲ್ಲಿ ಮುಖದಷ್ಟು ಬೇಗ ಗುರುತು ಸಿಗುವುದು ಬೇರೇನೂ ಇಲ್ಲ. ಈಗಿನ ಹುಡುಗರು ಕಂಪ್ಯೂಟರ್‌ನಲ್ಲಿ ಮಾಡುವ ನೆರಳು-ಬೆಳಕಿನ ಕೆಲಸವೂ ಸೊಗಸಾಗಿದೆ. ಇಲ್ಲಿಗೆ ನಿಮ್ಮ ಪಾಲು ಮುಗಿಯಿತು. ಇನ್ನು ನನ್ನದು.

"ಮಿಕ್ಕಿದ್ದು" ಅಂದಿರಲ್ಲ, ಅದರಲ್ಲಿ ಸಿನಿಮಾದ ಹೆಸರೂ ಸೇರಿಹೋಯ್ತು!

1896ರಲ್ಲಿ, ಫ್ರಾನ್ಸಿನಲ್ಲಿ ಸಿನಿಮಾ ತೋರಿಸಲು ಶುರುಮಾಡಿದ ಲೂಮಿಯೇರ್ ಸಹೋದರರ ಪ್ರದರ್ಶನಕ್ಕೆ ಒಂದು ಪೋಸ್ಟರ್ ಬಂತು. ಪರದೆಯ ಮೇಲೆ ತೋಟದ ಮಾಲಿಯ ಮುಖಕ್ಕೆ ಪೈಪಿನ ನೀರು ಚಿಮ್ಮುತ್ತಿದೆ. ಮುಂದೆ ಕೂತ ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಅಲ್ಲಿ ಹಿಗ್ಗುತ್ತಿದ್ದದ್ದು ನೋಡುಗರ ಮುಖ. ಬನ್ನಿ, ನೀವೂ ನಗುತ್ತೀರಿ ಅಂತ ಕರೆದ ಹಾಗೆ. ಅದರ ನೆತ್ತಿಯ ಮೇಲೂ ಅಕ್ಷರ ದೊಡ್ಡದಾಗಿಯೇ ಇತ್ತು.

ನಾನು ಕಾಲೇಜಿನಲ್ಲಿದ್ದಾಗ ಗಾಂಧಿನಗರದ ಒಂದು ಗಲ್ಲಿಯಲ್ಲಿ ಕಲಾವಿದರೊಬ್ಬರು ಸಿನಿಮಾ ಹೆಸರು ಬರೆಯುವುದನ್ನು ನಿಂತು ನೋಡುತ್ತಿದ್ದೆ. ಒಂದಿನ 'ಸೇಡು' ಅನ್ನೋ ಪದ ಬಂತು. 'ಡು'ವಿನ ತಲೆಕಟ್ಟನ್ನು ಚೂರಿಯ ಹಾಗೆ ಎಳೆದರು. ಕೊಂಬಿನ ತುದಿಯಿಂದ ಎರಡು ಹನಿ ರಕ್ತ ಇಳಿಸಿದರು. ಆಮೇಲೆ ಕುಂಚ ಬಾಯಲ್ಲಿ ಕಚ್ಚಿಕೊಂಡು ರಸ್ತೆ ದಾಟಿ ಹೋಗಿ, ಆ ಕಡೆಯಿಂದ ಕಣ್ಣು ಕಿರಿದು ಮಾಡಿ ನೋಡಿದರು. ವಾಪಸ್ ಬಂದವರೇ ಕೆಂಪಿನ ಮೇಲಿದ್ದ ಹಳದಿ ಅಕ್ಷರಕ್ಕೆ ಸುತ್ತ ದಪ್ಪ ಕಪ್ಪು ಗೆರೆ ಹೊಡೆದರು. "ಬಿಟಿಎಸ್ ಬಸ್ಸಲ್ಲಿ ಹೋಗೋನಿಗೆ ಕಾಣಬೇಕಪ್ಪ. ಬಸ್ ನಮಗೋಸ್ಕರ ನಿಲ್ಲುತ್ತಾ?" (ಬಿಟಿಎಸ್ ಅಂದರೆ ಆಗಿನ ಬೆಂಗಳೂರಿನ ಸಿಟಿ ಬಸ್ಸು.) ಪೋಸ್ಟರ್‌ನ ಹೀರೋ ಗಲ್ಲದ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೀಲಿ ಬಳಿದದ್ದೂ ಇದೇ ಲೆಕ್ಕ. ಹತ್ತಿರದಿಂದ ನೋಡಿದರೆ ಜ್ವರ ಬಂದವರ ಹಾಗೆ ಕಾಣುವ ಮುಖ, ದೂರಕ್ಕೆ ಎದ್ದು ಬರುತ್ತಿತ್ತು.

ಸತ್ಯಜಿತ್ ರಾಯ್ ಜಾಹೀರಾತು ಕಂಪನಿಯಲ್ಲಿ ದುಡಿದು ಬಂದವರು. ತಮ್ಮ ಸಿನಿಮಾಗಳ ಪೋಸ್ಟರ್‌ಗೆ ತಾವೇ ಕೈ ಹಾಕುತ್ತಿದ್ದರು, ಬಂಗಾಳಿ ಅಕ್ಷರಗಳನ್ನು ತಾವೇ ಬರೆಯುತ್ತಿದ್ದರು. ನಿರ್ದೇಶಕನಿಗೆ ಬೇರೆ ಕೆಲಸ ಇರಲಿಲ್ವಾ?

ಅಕ್ಷರವೇ ಇಲ್ಲದ ಪೋಸ್ಟರೂ ಓಡಿದೆಯಲ್ಲ ಅಂತ ನೀವು ಕೇಳಬಹುದು. ನಿಜ. 2010ರಲ್ಲಿ ಉಪೇಂದ್ರ ಬರೀ ಕೈಸನ್ನೆಯನ್ನೇ ಸಿನಿಮಾದ ಹೆಸರು ಮಾಡಿದರು. ಜನ ಅದನ್ನು 'ಸೂಪರ್' ಅಂತ ಓದಿಕೊಂಡರು. ಅದೂ ಓದೇ ಅಲ್ವಾ?

ಈಗಿನ ತೊಂದರೆ ಬೇರೆ. ಕನ್ನಡಕ್ಕೆ ಮೇಲೊಂದು ಗುಡಿಸು, ಕೆಳಗೊಂದು ಒತ್ತು ಬೇಕು. ಇಂಗ್ಲಿಷಿನ ಹಾಗೆ ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂರುವ ಜಾತಿ ಅಲ್ಲ. ಹೊಗೆ, ಮಚ್ಚು, ಬೆನ್ನು ತೋರಿಸಿ ನಿಂತ ಹೀರೋ, ಎಲ್ಲಾ ಆದಮೇಲೆ ಕೆಳಗೆ ಉಳಿದ ಎರಡು ಬೆರಳು ಜಾಗಕ್ಕೆ ಹೆಸರನ್ನು ತುರುಕುತ್ತಾರೆ. ಅಂಚು ಕತ್ತರಿಸುವಾಗ ಒತ್ತು ಹೋಗುತ್ತದೆ. ಇನ್ನು ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗೆಂದು ಒಂದು ಸೆಟ್ಟಿಂಗ್ ಇತ್ತು. ಅದನ್ನು ಹಾಕದಿದ್ದರೆ ಯುನಿಕೋಡ್ ಕನ್ನಡ ಚೂರುಚೂರು. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡುತ್ತಿತ್ತು.

ನಮ್ಮ ಪತ್ರಿಕೆಯೂ ಸಾಚಾ ಅಲ್ಲ. ಒಮ್ಮೆ ಕಥಾಸ್ಪರ್ಧೆಯ ಪ್ರಕಟಣೆಯನ್ನು ಹೊರಗಡೆ ವಿನ್ಯಾಸಕ್ಕೆ ಕೊಟ್ಟಿದ್ದೆವು. 'ಸ್‌ಪರ್‌ಧೆ' ಅಂತ ಅಚ್ಚಾಗಿ ಬಂತು. ಕೇಳಿದರೆ, "ಅರ್ಥ ಆಗುತ್ತಲ್ಲ ಸಾರ್" ಅಂದರು. ಅವತ್ತು ಊಟ ಸೇರಲಿಲ್ಲ. ಅಂಗಡಿ ಬೋರ್ಡು, ಮದುವೆ ಕಾರ್ಡು, ಕಡೆಗೆ ಪುಸ್ತಕದ ಮುಖಪುಟ, ಎಲ್ಲಾ ಕಡೆ ಇದೇ ಉತ್ತರ. ಇಂಗ್ಲಿಷಿನಲ್ಲಿ ಒಂದು ಅಕ್ಷರ ವಾಲಿದರೆ ಸಾವಿರ ಸಲ ತಿದ್ದುವವರು ಕನ್ನಡ ಅಂದ ಕೂಡಲೇ 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂತಾರೆ. ಮೊಬೈಲ್‌ನಲ್ಲೇ ನೋಡೋದು ಅಂದಿರಿ. ಸರಿ, ಅಷ್ಟು ಸಣ್ಣ ಚಿತ್ರದಲ್ಲಿ ಹೆಸರು ಇನ್ನೂ ದಪ್ಪಗಿರಬೇಕಲ್ವಾ?

ನಿಮ್ಮ ಮೇಲೆ ಕೋಪ ಇಲ್ಲ. ಟ್ರಂಕಿನ ವಿಷಯ ಬರೆದದ್ದಕ್ಕೆ ಎಲ್ಲಾ ಮಾಫಿ. ಆ ಪೋಸ್ಟರನ್ನು ಮಾತ್ರ ಕೀಳೋಕೆ ಹೋಗಬೇಡಿ, ಹರಿದುಹೋಗುತ್ತೆ. ಮುಚ್ಚಳ ತೆರೆದು ಹಗಲು ಬೆಳಕಲ್ಲಿ ಒಂದು ಫೋಟೋ ತೆಗೆದು ಕಳಿಸಿ. ಹೀರೋ ಮುಖ ಅರ್ಧ ಬಂದರೂ ಪರವಾಗಿಲ್ಲ, ಹೆಸರು ಪೂರ್ತಿ ಬರಲಿ.

— ಸಂ.