ಸುಗಂಧರಾಜ ಹೂ ಬಿಡುತ್ತಿಲ್ಲವೇ?

ಪ್ರಶ್ನೆ: ಕುಂಡದಲ್ಲಿ ನೆಟ್ಟ ಸುಗಂಧರಾಜ ಮೊದಲ ವರ್ಷ ಚೆನ್ನಾಗಿ ಹೂ ಬಿಟ್ಟಿತು. ಈಗ ಬರೀ ಎಲೆ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರದ ಕೊರತೆಗಿಂತ ಗೆಡ್ಡೆಗಳ ಇಕ್ಕಟ್ಟೇ ಕಾರಣವಿರಬೇಕು. ಒಮ್ಮೆ ಹೂಕಡ್ಡಿ ಕೊಟ್ಟ ಗೆಡ್ಡೆ ಮತ್ತೆ ಹೂ ಬಿಡದು. ಅದರ ಸುತ್ತ ಹುಟ್ಟಿದ ಮರಿಗೆಡ್ಡೆಗಳು ಬಲಿಯಬೇಕು. ಒತ್ತೊತ್ತಾಗಿದ್ದರೆ ಯಾವುದೂ ದಪ್ಪವಾಗುವುದಿಲ್ಲ. ಚಳಿಗಾಲದಲ್ಲಿ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗುಂಪನ್ನು ಕಿತ್ತು ಬಿಡಿಸಿ, ಕೆಲವು ವಾರ ನೆರಳಿನಲ್ಲಿ ಆರಿಸಿ. ಮಾರ್ಚ್–ಏಪ್ರಿಲ್‌ನಲ್ಲಿ 2–3 ಸೆಂ.ಮೀ. ದಪ್ಪದವನ್ನಷ್ಟೇ ಆರಿಸಿ, 12 ಅಂಗುಲದ ಕುಂಡಕ್ಕೆ ಮೂರರಂತೆ, 5 ಸೆಂ.ಮೀ. ಆಳದಲ್ಲಿ ನೆಡಿ. ಸಣ್ಣವು ಪಾತಿಯಲ್ಲಿ ಒಂದು ವರ್ಷ ಬೆಳೆಯಲಿ. ದಿನಕ್ಕೆ ಆರು ತಾಸು ಬಿಸಿಲು ಬೇಕೇ ಬೇಕು. ಯೂರಿಯಾ ಸುರಿಯಬೇಡಿ, ಎಲೆಯಷ್ಟೇ ಸೊಂಪಾಗುತ್ತದೆ. ನೆಟ್ಟ ಮೂರು ತಿಂಗಳಿಗೆ ಹೂಕಡ್ಡಿ ನಿರೀಕ್ಷಿಸಬಹುದು.